ಉದ್ದದ ಸ್ಕ್ರೀನ್‌ಶಾಟ್ ಯಾವ ಫೋನಿನಲ್ಲಿ ಸರಿ ಬರುತ್ತದೆ? ಮೂರು ಫೋನ್ ಬಳಸಿ ನೋಡಿದ ಮೇಲೆ

ಫೋನ್ ಕೊಳ್ಳುವಾಗ ಎಲ್ಲರೂ ಕ್ಯಾಮೆರಾ ಕೇಳುತ್ತಾರೆ, ಬ್ಯಾಟರಿ ಕೇಳುತ್ತಾರೆ. ಸ್ಕ್ರೀನ್‌ಶಾಟ್ ಹೇಗೆ ಬರುತ್ತದೆ ಅಂತ ಕೇಳುವವರು ಕಡಿಮೆ. ನಾನು ಈ ಸಲ ಅದನ್ನೇ ಮೊದಲು ನೋಡಿ ಸ್ಯಾಮ್‌ಸಂಗ್ ತಗೊಂಡೆ. ನನ್ನ ಕೆಲಸಕ್ಕೆ ಅದೇ ಸರಿ.

ಕಾರಣ ಇದೆ. ನಮ್ಮ ಮನೆ ಶಿರಸಿ–ಕುಮಟಾ ರಸ್ತೆಯಿಂದ ಒಳಗೆ, ದೇವಿಮನೆ ಘಟ್ಟದ ಮೇಲಿನ ಕಡೆ. ಮನೆಯೊಳಗೆ ಸಿಗ್ನಲ್ ಇಲ್ಲ, ಟಾರ್ ರಸ್ತೆಗೆ ಬಂದರೆ ಸಿಗುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಅಲ್ಲೂ ಇಲ್ಲ. ಹಾಗಾಗಿ ಅಡಕೆ ಧಾರಣೆ, ಪಹಣಿ, ಕುಮಟಾದಿಂದ ಹೊರಡುವ ರೈಲಿನ ಟಿಕೆಟ್, ಏನೇ ಇದ್ದರೂ ಪೇಟೆಯಲ್ಲೇ ಸ್ಕ್ರೀನ್‌ಶಾಟ್ ತೆಗೆದು ಮನೆಗೆ ತರುವುದು. ಮನೆಗೆ ಬಂದ ಮೇಲೆ ಆ ಚಿತ್ರದಲ್ಲಿ ಏನಿದೆಯೋ ಅಷ್ಟೇ. ಮತ್ತೆ ಪುಟ ತೆರೆದು ನೋಡುವ ಹಾಗಿಲ್ಲ.

ಹೋಲಿಸಿದ್ದು ಮೂರು: ಪರದೆ ಮೇಲೆ ಮೂರು ಬೆರಳು ಎಳೆದರೆ ಸ್ಕ್ರೀನ್‌ಶಾಟ್ ಬರುವ ನನ್ನ ಹಳೆ ಆಂಡ್ರಾಯ್ಡ್, ಈಗಿನ ಸ್ಯಾಮ್‌ಸಂಗ್, ರಜೆಗೆ ಬಂದ ಅಕ್ಕನ ಮಗಳ ಐಫೋನ್.

ತೆಗೆಯುವ ರೀತಿಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಪವರ್ ಮತ್ತು ವಾಲ್ಯೂಮ್ ಕಡಿಮೆ ಮಾಡುವ ಗುಂಡಿ ಒಟ್ಟಿಗೆ ಒತ್ತುವುದು 2011ರ ಆಂಡ್ರಾಯ್ಡ್ 4.0 ಕಾಲದಿಂದ ಇದೆ. ಐಫೋನಿನಲ್ಲಿ ಪಕ್ಕದ ಗುಂಡಿ ಮತ್ತು ವಾಲ್ಯೂಮ್ ಹೆಚ್ಚು ಮಾಡುವ ಗುಂಡಿ. ಮೂರು ಬೆರಳು ಎಳೆಯುವುದು ಬೇಸಿಗೆಯಲ್ಲಿ ಬಹಳ ಚೆಂದ. ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ, ಸ್ಕ್ರೀನ್ ಮೇಲೆ ನೀರಿನ ಹನಿ ಇದ್ದರೆ ಅದು ಆಗುವ ಕೆಲಸ ಅಲ್ಲ. ಪುಟ ಮೇಲೆ ಕೆಳಗೆ ಓಡುತ್ತದೆ, ಚಿತ್ರ ಮಾತ್ರ ಬರುವುದಿಲ್ಲ. ಗುಂಡಿಗೆ ಒದ್ದೆ ಕೈ ಆದರೂ ನಡೆಯುತ್ತದೆ. ಸ್ಯಾಮ್‌ಸಂಗ್‌ನ ಅಂಗೈ ಸವರುವ ವಿಧಾನ ನನಗೆ ಬೇಕಾಗಲಿಲ್ಲ. ಐಫೋನಿನ ಬೆನ್ನಿಗೆ ಎರಡು ಸಲ ತಟ್ಟಿ ತೆಗೆಯುವ ಸೌಲಭ್ಯ ಮಾತ್ರ ಇಷ್ಟವಾಯಿತು. 2020ರ ಐಓಎಸ್ 14ರಿಂದ ಇದೆ, ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಆನ್ ಮಾಡಿಕೊಳ್ಳಬೇಕು.

ಹಳೆ ಫೋನ್ ಬಿಡಿಸಿದ್ದು ಉದ್ದದ ಸ್ಕ್ರೀನ್‌ಶಾಟ್, ಅಂದರೆ ಪರದೆಗಿಂತ ಉದ್ದದ ಪುಟವನ್ನು ಒಂದೇ ಚಿತ್ರವಾಗಿ ತೆಗೆಯುವುದು. ಧಾರಣೆಯ ಪಟ್ಟಿ ಒಂದು ಪರದೆಯಲ್ಲಿ ಹಿಡಿಯುವುದಿಲ್ಲ. ರಾಶಿ, ಚಾಲಿ, ಬೆಟ್ಟೆ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳೆಗೋಟು ಅಂತ ಅಡಕೆಯ ಬಗೆ ಹಲವು, ಒಂದೊಂದಕ್ಕೂ ಕನಿಷ್ಠ, ಗರಿಷ್ಠ, ಸರಾಸರಿ ಬೆಲೆ. ಹಳೆ ಫೋನಿನಲ್ಲಿ ‘ಸ್ಕ್ರೋಲ್’ ಒತ್ತಿದರೆ ಅದೇ ತಾನಾಗಿ ಓಡುತ್ತಾ ಚಿತ್ರಗಳನ್ನು ಜೋಡಿಸುತ್ತಿತ್ತು. ಆದರೆ ಪುಟದ ಮೇಲ್ಗಡೆ ಅಲುಗಾಡದೆ ನಿಲ್ಲುವ ತಲೆಪಟ್ಟಿ ಇರುತ್ತದಲ್ವಾ, ಅದು ಪ್ರತಿ ಜೋಡಣೆಯಲ್ಲೂ ಮತ್ತೆ ಬಂದು ಒಂದು ಸಾಲನ್ನು ಮುಚ್ಚಿಬಿಡುತ್ತಿತ್ತು.

ಸಾಲು ಹೋಗಿದೆ ಅಂತ ಗೊತ್ತೂ ಆಗುತ್ತಿರಲಿಲ್ಲ. ಬೆಟ್ಟೆ ಆದಮೇಲೆ ನೇರ ಕೆಂಪುಗೋಟು. ತಟ್ಟಿಬೆಟ್ಟೆ ಎಲ್ಲಿ? ಅಪ್ಪಯ್ಯ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದುವವರು, ಅವರೇ ಹಿಡಿದಿದ್ದು. “ತಮಾ, ಇದ್ರಲ್ಲಿ ಒಂದು ಸಾಲೇ ಇಲ್ಲೆ” ಅಂದರು. ಅಡಕೆ ಕೊಡಬೇಕೋ, ಇನ್ನೂ ಇಟ್ಟುಕೊಳ್ಳಬೇಕೋ ಅಂತ ನೋಡುವ ಮನೆಯಲ್ಲಿ ಇದು ಸಣ್ಣ ತೊಂದರೆ ಅಲ್ಲ. ಅಪ್‌ಡೇಟ್ ಮಾಡಿದರೂ ಹೋಗಲಿಲ್ಲ.

ಸ್ಯಾಮ್‌ಸಂಗ್‌ನಲ್ಲಿ ಸ್ಕ್ರೀನ್‌ಶಾಟ್ ತೆಗೆದ ಕೂಡಲೆ ಕೆಳಗೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಕೆಳಮುಖದ ಜೋಡಿ ಬಾಣ. ಅದನ್ನು ಒಂದು ಸಲ ಮುಟ್ಟಿದರೆ ಸ್ವಲ್ಪ ಕೆಳಗೆ ಇಳಿಯುತ್ತದೆ, ಒತ್ತಿ ಹಿಡಿದರೆ ಇಳಿಯುತ್ತಲೇ ಹೋಗುತ್ತದೆ, ಬೆರಳು ತೆಗೆದರೆ ನಿಲ್ಲುತ್ತದೆ. ಎಲ್ಲಿಗೆ ನಿಲ್ಲಿಸಬೇಕು ಅನ್ನುವುದು ನಮ್ಮ ಕೈಯಲ್ಲೇ. ಅದೇ ಧಾರಣೆ ಪುಟ ತೆಗೆದು ನೋಡಿದೆ, ತಟ್ಟಿಬೆಟ್ಟೆ ತನ್ನ ಜಾಗದಲ್ಲೇ ಇತ್ತು. ಅಂಗಡಿಯಲ್ಲಿ ನಿಂತೇ ಪರೀಕ್ಷಿಸಿ, ಆಮೇಲೆ ದುಡ್ಡು ಕೊಟ್ಟೆ.

ಐಫೋನಿನಲ್ಲಿ ಪೂರ್ತಿ ಪುಟ ಬರುವುದು ಸಫಾರಿಯಂಥ ಕೆಲವು ಆಪ್‌ಗಳಲ್ಲಿ ಮಾತ್ರ. ಉದ್ದದ ವಾಟ್ಸಾಪ್ ಮಾತುಕತೆ ಬೇಕಿದ್ದರೆ ಬಿಡಿಬಿಡಿಯಾಗಿ ತೆಗೆಯಬೇಕು. ಆದರೆ ಸಫಾರಿಯದು ಪಿಡಿಎಫ್ ಆಗಿ ಉಳಿಯುತ್ತದೆ, ಎಷ್ಟು ದೊಡ್ಡದು ಮಾಡಿದರೂ ಅಕ್ಷರ ಒಡೆಯುವುದಿಲ್ಲ. ಇಲ್ಲಿ ಐಫೋನೇ ಮುಂದೆ.

ಕಳಿಸುವಾಗ ಒಂದು ವಿಷಯ ಮೂರು ಫೋನಿಗೂ ಒಂದೇ. ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದರೆ ಚಿತ್ರ ಕುಗ್ಗುತ್ತದೆ. ಪಹಣಿಯ 11ನೇ ಕಾಲಂನಲ್ಲಿ ಸಾಲದ ವಿವರ ಸಣ್ಣ ಅಕ್ಷರದಲ್ಲಿರುತ್ತದೆ, ಬೆಂಗಳೂರಿನಲ್ಲಿರುವ ಅಣ್ಣನಿಗೆ ಅದು ಓದಲು ಬರಲೇ ಇಲ್ಲ. ಡಾಕ್ಯುಮೆಂಟ್ ಅಂತ ಕಳಿಸಿದ ಮೇಲೆ ಸ್ಪಷ್ಟವಾಗಿ ಬಂತು.

ತೆಗೆದದ್ದನ್ನು ಅಳಿಸುವುದು ನನಗೆ ಮುಖ್ಯ. ನಿನ್ನೆಯ ಧಾರಣೆ ಇವತ್ತಿಗೆ ಬೇಡ. ಸ್ಯಾಮ್‌ಸಂಗ್‌ನ ಅಡ್ವಾನ್ಸ್ಡ್ ಫೀಚರ್ಸ್ ಒಳಗೆ, ಆ ಕೆಳಗಿನ ಪಟ್ಟಿಯಿಂದಲೇ ಹಂಚಿದರೆ ಚಿತ್ರ ತಾನಾಗಿ ಅಳಿಸುವ ಆಯ್ಕೆ ಇದೆ. ಐಫೋನಿನಲ್ಲಿ 2022ರ ಐಓಎಸ್ 16ರಿಂದ ‘ಕಾಪಿ ಅಂಡ್ ಡಿಲೀಟ್’ ಬಂದಿದೆ, ಅದೂ ಒಳ್ಳೆಯದು. ಹಳೆ ಫೋನಿನಲ್ಲಿ ಕೈಯಾರೆ ಹುಡುಕಿ ಅಳಿಸಬೇಕಿತ್ತು. ಗೂಗಲ್ ಫೋಟೋಸ್‌ನಲ್ಲಿ ಸ್ಕ್ರೀನ್‌ಶಾಟ್ ಫೋಲ್ಡರಿನ ಬ್ಯಾಕಪ್ ಆಫ್ ಮಾಡಿಟ್ಟಿದ್ದೇನೆ. ಉಚಿತವಾಗಿ ಸಿಗುವ 15 ಜಿಬಿಯಲ್ಲೇ ಜಿಮೇಲ್, ಡ್ರೈವ್ ಎಲ್ಲ ಬರಬೇಕು, ಅಡಕೆ ಧಾರಣೆಗೆ ಅದನ್ನು ತುಂಬಿಸುವುದು ಯಾಕೆ?

ಬ್ಯಾಂಕ್ ಆಪ್‌ಗಳಲ್ಲಿ ತಡೆ ಹಾಕಿದ್ದರೆ ಯಾವ ಆಂಡ್ರಾಯ್ಡ್‌ನಲ್ಲೂ ಸ್ಕ್ರೀನ್‌ಶಾಟ್ ಬರುವುದಿಲ್ಲ.

ಅಕ್ಕನ ಮಗಳ ಹಾಗೆ ದಿನವಿಡೀ ನೆಟ್ ಇರುವ ಊರಿನಲ್ಲಿದ್ದು, ಕೈಯಲ್ಲಿ ದುಡ್ಡೂ ಇದ್ದರೆ ಐಫೋನ್ ತಗೊಳ್ಳಬಹುದು. ಆ ದುಡ್ಡಿಗೆ ನಮ್ಮ ತೋಟದ ಒಂದು ಸಲದ ಗೊಬ್ಬರ ಬರುತ್ತದೆ, ನಾನಂತೂ ಕೊಡುವುದಿಲ್ಲ. ಸ್ಯಾಮ್‌ಸಂಗ್ ತಗೊಳ್ಳುವವರೂ ಅಂಗಡಿಯಲ್ಲೇ ಉದ್ದದ ಪುಟ ಒಂದನ್ನು ತೆರೆದು, ಜೋಡಿ ಬಾಣ ಒತ್ತಿ, ಬಂದ ಚಿತ್ರವನ್ನು ಸಾಲು ಸಾಲಾಗಿ ಓದಿ ನೋಡಿ. ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಎಲ್ಲ ಸೌಲಭ್ಯ ಇರಲೇಬೇಕು ಅಂತೇನಿಲ್ಲ.