ವಿದ್ಯಾರ್ಥಿ ಭವನ: ಗಲ್ಲಾದಿಂದ ಕಾವಲಿಯವರೆಗೆ ಪಳಗಿದ ಕೈಗಳು

ಬೆಂಗಳೂರಿನ ಬಸವನಗುಡಿಯ ಗಾಂಧಿ ಬಜಾರಿನಲ್ಲಿರುವ ವಿದ್ಯಾರ್ಥಿ ಭವನ ಹೋಟೆಲಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ದೋಸೆಯಿಂದಲೇ ಆರಂಭಿಸುತ್ತಾರೆ. ಆದರೆ ಆ ದೋಸೆಯ ಗುಟ್ಟಿನಲ್ಲಿ ಅರ್ಧ ಪಾಲು, ಹೋಟೆಲಿನ ಯಜಮಾನಿಕೆ ಪದೇ ಪದೇ ಕೈ ಬದಲಾಗದೆ ಇರುವುದರಲ್ಲಿದೆ ಎಂದು ನನಗನಿಸುತ್ತದೆ. 1943ರಲ್ಲಿ ವೆಂಕಟರಮಣ ಉರಾಳರು ಇದನ್ನು ಸಣ್ಣ ತಿಂಡಿಮನೆಯಾಗಿ ಆರಂಭಿಸಿದರು. ಸುತ್ತಲಿನ ಶಾಲಾ ಕಾಲೇಜುಗಳ ಹುಡುಗರೇ ಹೆಚ್ಚಾಗಿ ಬರುತ್ತಿದ್ದುದರಿಂದ ಈ ಹೆಸರು ಬಂತು. 1970ರಲ್ಲಿ ಕುಂದಾಪುರದ ಕಡೆಯಿಂದ ಬಂದ ರಾಮಕೃಷ್ಣ ಅಡಿಗರು ಹೋಟೆಲನ್ನು ವಹಿಸಿಕೊಂಡರು. ನಡೆಯುತ್ತಿದ್ದ ಹೋಟೆಲನ್ನು ಕೊಂಡವರು ಮೊದಲು ಫಲಕ ಬದಲಿಸುವುದೇ ರೂಢಿಯಾಗಿರುವಾಗ, ಅಡಿಗರು ಹೆಸರನ್ನೂ ಜಾಗವನ್ನೂ ಇದ್ದಂತೆಯೇ ಉಳಿಸಿಕೊಂಡರು. ಎಂಜಿನಿಯರಿಂಗ್ ಓದಿ ಬೇರೆ ನೌಕರಿಯಲ್ಲಿದ್ದ ಅವರ ಮಗ ಅರುಣ್ ಅಡಿಗರು ಮುಂದೆ ತಂದೆಯ ಜೊತೆಗೂಡಿದರು.

ಇನ್ನು ದೋಸೆ. ಇತ್ತೀಚೆಗೆ ಎಲ್ಲೆಡೆ ಸಿಗುವ, ಕಾಗದದಂತೆ ತೆಳುವಾದ ಉದ್ದನೆಯ ದೋಸೆ ಇದಲ್ಲ. ಗಾತ್ರದಲ್ಲಿ ಚಿಕ್ಕದು, ದಪ್ಪ. ಹೊರಮೈ ಕೆಂಪಗೆ ಗರಿಗರಿಯಾಗಿದ್ದು, ಮುರಿದರೆ ಒಳಗೆ ಮೆತ್ತಗಿರುತ್ತದೆ. ಬೆರಳಿಗೆ ತುಪ್ಪ ಅಂಟದೆ ತಿನ್ನುವುದು ಸಾಧ್ಯವೇ ಇಲ್ಲ. ಸಾಂಬಾರಿನ ಹಂಗಿಲ್ಲ, ನೀರಾದ ಚಟ್ನಿಯನ್ನು ಮಾಣಿ ತಟ್ಟೆಗೇ ಸುರಿಯುತ್ತಾರೆ, ಮತ್ತೆ ಕೇಳಿದರೆ ಮತ್ತೆ ಸುರಿಯುತ್ತಾರೆ. ಅಂಚಿನಿಂದ ನಡುವಿನವರೆಗೆ ಒಂದೇ ಬಣ್ಣ ಬರುವಂತೆ ಬೇಯಿಸಬೇಕಾದರೆ ಕಾವಲಿಯ ಯಾವ ಮೂಲೆಯಲ್ಲಿ ಕಾವು ಹೆಚ್ಚು, ಎಲ್ಲಿ ಕಡಿಮೆ ಎಂಬುದು ಭಟ್ಟರ ಕೈಗೆ ಗೊತ್ತಿರಬೇಕು. ಅದನ್ನು ಅಳತೆಯ ಚೀಟಿಯಲ್ಲಿ ಬರೆದುಕೊಟ್ಟು ಕಲಿಸಲಾಗದು.

ಬಿಳಿ ಪಂಚೆಯ ಮಾಣಿಯೊಬ್ಬರು ಒಂದೇ ತೋಳಿನ ಮೇಲೆ ಹತ್ತಕ್ಕೂ ಹೆಚ್ಚು ದೋಸೆ ತಟ್ಟೆಗಳನ್ನು ಪೇರಿಸಿಕೊಂಡು, ಕುರ್ಚಿಗಳ ಸಂದಿಯಲ್ಲಿ ನುಸುಳಿ ಬರುವುದನ್ನು ನೋಡಲೆಂದೇ ಹೊರಗಿನಿಂದ ಬಂದವರು ಮೊಬೈಲು ಎತ್ತಿ ಹಿಡಿಯುತ್ತಾರೆ. ನನಗೆ ಅದಕ್ಕಿಂತ ಹೆಚ್ಚು ಮೆಚ್ಚುಗೆಯಾದದ್ದು ಅವರ ನೆನಪು. ನಾವು ನಾಲ್ವರು ಕೇಳಿದ್ದು ಬೇರೆ ಬೇರೆ. ಯಾರಿಗೆ ಮಸಾಲೆ, ಯಾರಿಗೆ ಖಾಲಿ ದೋಸೆ, ಯಾರಿಗೆ ರವಾ ವಡೆ ಎಂದು ಮತ್ತೊಮ್ಮೆ ಕೇಳದೆ ತಟ್ಟೆಗಳನ್ನು ಸರಿಯಾಗಿ ಅವರವರ ಮುಂದೆಯೇ ಇಟ್ಟರು. ಇದಕ್ಕೆ ವಿರುದ್ಧವಾಗಿ, ನಮ್ಮ ಮನೆಯ ಬಳಿಯ ಹೋಟೆಲೊಂದರಲ್ಲಿ ಎರಡು ವರ್ಷದಲ್ಲಿ ಮೂರು ಮ್ಯಾನೇಜರುಗಳು ಬಂದು ಹೋದರು; ಪ್ರತಿ ಸಲವೂ ಸಾಂಬಾರಿನ ರುಚಿಯೂ ಬದಲಾಯಿತು, ಮಾಣಿಗಳ ಮುಖವೂ ಬದಲಾಯಿತು.

ಗೋಡೆಯ ಮೇಲೆ ಕನ್ನಡದ ಹಿರಿಯರ ರೇಖಾಚಿತ್ರಗಳಿವೆ. ಮೇಜು ಸಿಗುವವರೆಗೆ ಹೊರಗೆ ಕಾಯಬೇಕು, ಸಿಕ್ಕ ಮೇಲೆ ಅಪರಿಚಿತರ ಜೊತೆ ಹಂಚಿಕೊಂಡು ಕೂರಬೇಕು. ನಿಧಾನವಾಗಿ ಹರಟುವ ಮನಸ್ಸಿದ್ದವರಿಗೆ ಈ ಜಾಗ ಹೇಳಿ ಮಾಡಿಸಿದ್ದಲ್ಲ. ಶುಕ್ರವಾರ ವಾರದ ರಜೆ. ಉಳಿದ ದಿನಗಳಲ್ಲಿ, ಶನಿವಾರ ಭಾನುವಾರ ಬಿಟ್ಟು, ಬೆಳಗ್ಗೆ ಬೇಗ ಹೋದರೆ ಎರಡನೆಯ ಕಾಫಿಗೂ ಬಿಡುವು ಸಿಕ್ಕೀತು.