ಎಕ್ಸ್‌ಪಿ ಕಂಪ್ಯೂಟರಿಗೆ ವೈಫೈ: ಡಾಂಗಲ್, ಫೋನ್, ಹಳೇ ರೂಟರ್ ಮೂರನ್ನೂ ಹಾಕಿ ನೋಡಿದೆ

ಕೊಪ್ಪಳದ ನಮ್ಮ ಡಿಟಿಪಿ ಅಂಗಡಿಯಲ್ಲಿ ಇನ್ನೂ ಒಂದು ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಇದೆ. ಪುಟ ಜೋಡಿಸುವ ಪೇಜ್‌ಮೇಕರ್ 7, ಕನ್ನಡ ಟೈಪಿಂಗಿನ ನುಡಿ, ಪ್ಯಾರಲಲ್ ಪೋರ್ಟಿನ ಪ್ರಿಂಟರ್ ಮೂರೂ ಅದಕ್ಕೆ ಹೊಂದಿಕೊಂಡಿವೆ. ಇಷ್ಟು ವರ್ಷದ ಲಗ್ನಪತ್ರಿಕೆ ಫೈಲುಗಳೂ ಅದರಲ್ಲೇ ಇವೆ. ಬೇರೆ ಸಾಫ್ಟ್‌ವೇರಿನಲ್ಲಿ ತೆರೆದರೆ ಒತ್ತು ಒಂದು ಕಡೆ, ದೀರ್ಘ ಒಂದು ಕಡೆ ಹೋಗುತ್ತದೆ. ಹಾಗಾಗಿ ಅದನ್ನು ಬಿಡುವ ಮಾತೇ ಇಲ್ಲ.

ಆದರೆ ಗಿರಾಕಿಗಳು ಈಗ ಫೋಟೊ, ತಿದ್ದುಪಡಿ ಎಲ್ಲವನ್ನೂ ಫೋನಿಗೇ ಕಳಿಸುತ್ತಾರೆ. ಪೆನ್‌ಡ್ರೈವ್‌ನಲ್ಲಿ ಹಾಕಿ ತಂದು ತಂದು ಸಾಕಾಗಿತ್ತು. ಗವಿಮಠದ ಜಾತ್ರೆಯ ಬ್ಯಾನರ್ ಕೆಲಸ ಮುಗಿದ ಮೇಲೆ ವೈಫೈ ಹಾಕಲೇಬೇಕು ಅಂತ ಕೂತೆ.

ಮೊದಲು ಕೊಂಡದ್ದು ಯುಎಸ್‌ಬಿ ಡಾಂಗಲ್, ಅಂದರೆ ಪೆನ್‌ಡ್ರೈವ್ ಹಾಗೆ ಚುಚ್ಚುವ ವೈಫೈ ಕಡ್ಡಿ. ಹೊಸ ನಮೂನೆಯದು, ಅದನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಅದರೊಳಗೇ ಇರುತ್ತದೆ. ಎಕ್ಸ್‌ಪಿಯಲ್ಲಿ ಕ್ಲಿಕ್ ಮಾಡಿದರೆ 'ನಾಟ್ ಎ ವ್ಯಾಲಿಡ್ ವಿನ್32 ಅಪ್ಲಿಕೇಶನ್' ಅಂದಿತು, ಅಂದರೆ ಅದು ಎಕ್ಸ್‌ಪಿಯಲ್ಲಿ ನಡೆಯುವುದಲ್ಲ. ಅದನ್ನು ವಾಪಸ್ ಕೊಟ್ಟು, ಗೆಳೆಯನ ಹತ್ತಿರವಿದ್ದ ಹಳೇ ಡಾಂಗಲ್ ತಂದೆ. ಇಲ್ಲಿ ಒಂದು ಮಾತು: ಡಬ್ಬಿಯ ಮೇಲಿನ ಹೆಸರು ನೋಡಿ ಡ್ರೈವರ್ ಹುಡುಕಬೇಡಿ. ಹೊರಗಿನಿಂದ ಒಂದೇ ಥರ ಕಾಣುವ ಡಾಂಗಲ್‌ಗಳ ಒಳಗೆ ಚಿಪ್ ಬೇರೆ ಇರುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಟೇಲ್ಸ್ ತೆರೆದು ಪಿಐಡಿ, ಅಂದರೆ ಡಾಂಗಲ್‌ನ ಗುರುತಿನ ಸಂಖ್ಯೆ, ನೋಡಿ. ರಿಯಲ್‌ಟೆಕ್ ಕಂಪನಿಯ ಡಾಂಗಲ್ ಆಗಿದ್ದು 8176 ಇದ್ದರೆ ಒಳಗಿನ ಚಿಪ್ ಆರ್‌ಟಿಎಲ್8188ಸಿಯುಎಸ್, 8179 ಇದ್ದರೆ ಆರ್‌ಟಿಎಲ್8188ಇಯುಎಸ್. ಒಂದರ ಡ್ರೈವರ್ ಇನ್ನೊಂದಕ್ಕೆ ಆಗುವುದಿಲ್ಲ.

ಡ್ರೈವರ್ ಕೂತಿತು, ನೆಟ್‌ವರ್ಕ್ ಕಾಣಿಸಿತು, ಆದರೆ ಕನೆಕ್ಟ್ ಆಗಲಿಲ್ಲ. ನಮ್ಮದು ಎಕ್ಸ್‌ಪಿಯ ಸರ್ವಿಸ್ ಪ್ಯಾಕ್ (ಅಪ್‌ಡೇಟ್‌ಗಳ ಕಟ್ಟು) 2. ಅದಕ್ಕೆ ಡಬ್ಲ್ಯುಪಿಎ2, ಅಂದರೆ ವೈಫೈ ಪಾಸ್‌ವರ್ಡ್ ಕಾಯುವ ಭದ್ರತೆಯ ವಿಧಾನ, ಗೊತ್ತಿಲ್ಲ. 2005ರಲ್ಲಿ ಅದಕ್ಕೆ ಬೇರೆ ಅಪ್‌ಡೇಟ್ ಬಂತು, 2008ರ ಸರ್ವಿಸ್ ಪ್ಯಾಕ್ 3ರಲ್ಲಿ ಸೇರಿಕೊಂಡಿತು. ಪ್ಯಾಕ್ 3 ಹಾಕಿದ ಮೇಲೆ ಕನೆಕ್ಟ್ ಆಯಿತು. ರೂಟರನ್ನೇ ವೆಪ್‌ಗೆ, ಅಂದರೆ ತೀರಾ ಹಳೇ ಭದ್ರತೆಗೆ, ಇಳಿಸಿಬಿಡು ಅಂತ ಒಬ್ಬರು ಹೇಳಿದ್ದರು. ದಯವಿಟ್ಟು ಹಾಗೆ ಮಾಡಬೇಡಿ. ವೆಪ್ ಪಾಸ್‌ವರ್ಡ್ ಒಡೆಯಲು ನಿಮಿಷಗಳು ಸಾಕು. ಒಂದು ಕಂಪ್ಯೂಟರಿಗೋಸ್ಕರ ಇಡೀ ಮನೆಯ ಬಾಗಿಲು ತೆರೆದಿಟ್ಟ ಹಾಗೆ ಆಗುತ್ತದೆ, ಅಲ್ವಾ?

ಎರಡು ದಿನ ಚೆನ್ನಾಗಿತ್ತು. ಮೂರನೇ ದಿನದಿಂದ 'ಲಿಮಿಟೆಡ್ ಆರ್ ನೋ ಕನೆಕ್ಟಿವಿಟಿ' ಅನ್ನುವ ಹಳದಿ ಗುರುತು ಶುರುವಾಯಿತು. ಕಾರಣ ನಮ್ಮ ಗೋಡೆ. ರೂಟರ್ ಇರುವುದು ಹಿಂದಿನ ಮಾಳಿಗೆ ಮನೆಯಲ್ಲಿ. ನಡುವೆ ಮೊಳದಷ್ಟು ದಪ್ಪದ ಮಣ್ಣಿನ ಗೋಡೆ ಇದೆ. ಡಾಂಗಲ್ ಟೇಬಲ್ ಕೆಳಗೆ, ಕಬ್ಬಿಣದ ಕ್ಯಾಬಿನೆಟ್ಟಿನ ಬೆನ್ನಿಗೆ ಇತ್ತು. ಯುಎಸ್‌ಬಿ ವೈರ್ ಹಾಕಿ ಮೇಲೆ ತಂದರೆ ಸಿಗ್ನಲ್ ಏರಿತು. ಆದರೆ ಕಿಟಕಿಯವರೆಗೆ ಮುಟ್ಟಲಿಲ್ಲ, ಯುಎಸ್‌ಬಿ 2 ವೈರಿಗೆ 5 ಮೀಟರೇ ಮಿತಿ.

ಎರಡನೆಯದು ಫೋನಿನ ಯುಎಸ್‌ಬಿ ಟೆದರಿಂಗ್, ಅಂದರೆ ವೈರ್ ಹಾಕಿ ಫೋನಿನ ನೆಟ್ ಕಂಪ್ಯೂಟರಿಗೆ ಕೊಡುವುದು. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆಂಡ್ರಾಯ್ಡ್‌ನವರು ಎಕ್ಸ್‌ಪಿಗೆಂದೇ ಕೊಟ್ಟ ಟೆದರ್‌ಎಕ್ಸ್‌ಪಿ ಎಂಬ ಐಎನ್‌ಎಫ್ ಫೈಲನ್ನು (ಡ್ರೈವರ್ ಹಾಕಲು ಬೇಕಾದದ್ದು) ತೋರಿಸಿದರೆ ನಮ್ಮ ಹಳೇ ಫೋನ್ ನೆಟ್‌ವರ್ಕ್ ಕಾರ್ಡಿನ ಹಾಗೆ ಕಾಣುತ್ತದೆ. ಐದು ನಿಮಿಷದ ಕೆಲಸ. ಆದರೆ ಗಿರಾಕಿ ಫೋನ್ ಬಂದಾಗಲೆಲ್ಲ ವೈರ್ ಕೀಳಬೇಕು. ಏಪ್ರಿಲ್ ಬಿಸಿಲಲ್ಲಿ ಇಡೀ ದಿನ ಚಾರ್ಜಿಗೆ ಕೂತ ಫೋನ್ ಮುಟ್ಟಿದರೆ ಸುಡುತ್ತಿತ್ತು. ಒಂದು ದಿನದ ತುರ್ತಿಗೆ ಸರಿ.

ಈಗ ಇರುವುದು ಮೂರನೆಯದು, ನನ್ನ ಮನಸ್ಸಿಗೆ ಪೂರ್ತಿ ಒಪ್ಪಿದ್ದು. ಅಟ್ಟದ ಮೇಲಿದ್ದ ಹಳೇ ರೂಟರನ್ನು ಕ್ಲೈಂಟ್ ಮೋಡಿಗೆ ಹಾಕಿ ಕಿಟಕಿಯಲ್ಲಿಟ್ಟೆ. ಕೆಲವು ರೂಟರ್‌ಗಳಲ್ಲಿ ಇದನ್ನು ವಿಸ್ಪ್ ಅಂತಾರೆ. ಮನೆಯ ವೈಫೈ ಹಿಡಿಯುವುದು ಅದರ ಕೆಲಸ, ಅಲ್ಲಿಂದ ಕಂಪ್ಯೂಟರಿಗೆ ಲ್ಯಾನ್ ಕೇಬಲ್. ಲ್ಯಾನ್ ಕೇಬಲ್ 100 ಮೀಟರ್‌ವರೆಗೂ ಹೋಗುತ್ತದೆ, ನನಗೆ ಬೇಕಿದ್ದದ್ದು 8. ನಮ್ಮ ರಿಯಲ್‌ಟೆಕ್ 8139 ಲ್ಯಾನ್ ಕಾರ್ಡಿನ ಡ್ರೈವರ್ ಎಕ್ಸ್‌ಪಿಯಲ್ಲೇ ಇದೆ. ಪಾಸ್‌ವರ್ಡ್, ಡಬ್ಲ್ಯುಪಿಎ2, ಸಿಗ್ನಲ್ ಇವೆಲ್ಲ ರೂಟರಿನ ಪಾಲಿಗೆ. ಎಕ್ಸ್‌ಪಿಗೆ ವೈಫೈ ಇದೆ ಅಂತಲೇ ಗೊತ್ತಿಲ್ಲ.

ಒಂದು ಕಡೆ ಮಾತ್ರ ಅರ್ಧ ದಿನ ಹೋಯಿತು. ಎರಡೂ ರೂಟರ್‌ಗಳ ವಿಳಾಸ 192.168.1.1 ಆಗಿತ್ತು. ಹಳೆಯದನ್ನು 192.168.2.1 ಮಾಡಿದ ಕೂಡಲೇ ಸರಿಹೋಯಿತು. ಮನೆಯ ರೂಟರ್ ಹೊಸದಾಗಿದ್ದು ಬರೀ ಡಬ್ಲ್ಯುಪಿಎ3ರಲ್ಲಿದ್ದರೆ ಹಳೇ ರೂಟರ್ ಹಿಡಿಯುವುದಿಲ್ಲ. ಮನೆಯ ರೂಟರಿನ 2.4 ಗಿಗಾಹರ್ಟ್ಸ್ ಬ್ಯಾಂಡನ್ನು (ಹಳೇ ರೂಟರ್ ಹಿಡಿಯುವುದು ಅದನ್ನೇ) ಡಬ್ಲ್ಯುಪಿಎ2ಕ್ಕೆ ಇಡಿ.

ಲಿನಕ್ಸ್ ಹಾಕಿ ಅನ್ನುವವರೂ ಇದ್ದಾರೆ. ಹಳೇ ಲ್ಯಾಪ್‌ಟಾಪಿಗೆ ಹಾಕಿದ್ದೇನೆ, ಅದರ ಬ್ರಾಡ್‌ಕಾಮ್ ವೈಫೈ ಚಿಪ್ಪಿಗೆ ಫರ್ಮ್‌ವೇರ್ (ಚಿಪ್ಪಿನೊಳಗೆ ನಡೆಯುವ ಸಾಫ್ಟ್‌ವೇರ್) ಬೇರೆ ತಂದು ಹಾಕಿದ ಮೇಲೆ ವೈಫೈ ಚೆನ್ನಾಗಿ ನಡೆಯುತ್ತಿದೆ. ಆದರೆ ಅಂಗಡಿಗೆ ಬೇಕಿರುವುದು ಪೇಜ್‌ಮೇಕರ್, ಅದು ಲಿನಕ್ಸಿಗೆಂದು ಬಂದದ್ದಲ್ಲ.

ಇನ್ನು, ಎಕ್ಸ್‌ಪಿಯಲ್ಲಿ ಬ್ಯಾಂಕು, ಮೇಲ್ ತೆರೆಯಬೇಡಿ. 2014ರ ಏಪ್ರಿಲ್ 8ಕ್ಕೆ ಅದರ ಬೆಂಬಲ ನಿಂತಿದೆ. ಎಷ್ಟೋ ಸೈಟುಗಳು ಅದರ ಬ್ರೌಸರಿನಲ್ಲಿ ತೆರೆಯುವುದೂ ಇಲ್ಲ. ನಾನು ವೈಫೈ ಬಳಸುವುದು ಫೈಲ್ ತರಲು ಮಾತ್ರ. ಫೋನಿನ ಫೈಲ್ ಮ್ಯಾನೇಜರ್‌ನಲ್ಲಿ ಎಫ್‌ಟಿಪಿ (ನೆಟ್‌ವರ್ಕ್ ಮೂಲಕ ಫೈಲ್ ಸಾಗಿಸುವ ವ್ಯವಸ್ಥೆ) ಆನ್ ಮಾಡುತ್ತೇನೆ. ಅದು ತೋರಿಸುವ ವಿಳಾಸವನ್ನು ಮೈ ಕಂಪ್ಯೂಟರ್‌ನ ಅಡ್ರೆಸ್ ಪಟ್ಟಿಯಲ್ಲಿ ಟೈಪ್ ಮಾಡಿದರೆ ಫೋನಿನ ಫೋಲ್ಡರ್‌ಗಳು ಹಾಗೇ ತೆರೆಯುತ್ತವೆ. ಮೊನ್ನೆ ಮುಂಜಾನೆ ಕುಷ್ಟಗಿಯ ಗಿರಾಕಿಯೊಬ್ಬರು ಮನೆದೇವರ ಫೋಟೊ ಕಳಿಸಿದರು. ಅವರು ಫೋನ್ ಇಡುವುದರೊಳಗೆ ಅದು ಪತ್ರಿಕೆಯ ನೆತ್ತಿಯಲ್ಲಿ ಕೂತಿತ್ತು.