ಕಾರವಾರದ ಉಪಾಹಾರ ಗೃಹವೊಂದರಲ್ಲಿ ಬ್ರೆಜಿಲ್‌ನ ಮಳೆ

ಕಾರವಾರದ ಕೋಡಿಬಾಗ ರಸ್ತೆಯ ಸಣ್ಣ ಉಪಾಹಾರ ಗೃಹವೊಂದರ ದೊಡ್ಡ ಪರದೆಯಲ್ಲಿ, 2024ರ ನವೆಂಬರ್ 3ರ ರಾತ್ರಿ 9 ಗಂಟೆಗೆ, ಬ್ರೆಜಿಲ್‌ನ ಸಾವೊ ಪಾಲೊದ ಫಾರ್ಮುಲಾ ಒನ್ ಕಾರು ಸ್ಪರ್ಧೆಯ ನೇರ ಪ್ರಸಾರವನ್ನು ನೋಡಿದೆ. ಬಾಂಗಡೆ ಫ್ರೈ ಗರಿಗರಿಯಾಗಿತ್ತು, ಸೋಲ್ ಕಡಿ ಮಾತ್ರ ಸ್ವಲ್ಪ ನೀರು. ಅಂದಿನ ವಿಷಯವೇ ನೀರಾಗಿದ್ದರಿಂದ ಕ್ಷಮಿಸಬಹುದು.

ಚಿತ್ರದ ಸ್ಪಷ್ಟತೆ ಮೆಚ್ಚುವಂತಿತ್ತು. ಮುಂದಿನ ಕಾರು ಎಬ್ಬಿಸುವ ತುಂತುರಿನ ಗೋಡೆಯ ಹಿಂದೆ ಚಾಲಕನಿಗೆ ಏನೂ ಕಾಣಿಸದೆಂಬುದು ಇಷ್ಟು ದೊಡ್ಡ ಪರದೆಯಲ್ಲಿ ಮಾತ್ರ ಅರ್ಥವಾಗುತ್ತದೆ. ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ, ನೀಲಿ ಗುರುತಿನ ಪೂರ್ಣ ಮಳೆ ಟೈರೊಂದು ಸೆಕೆಂಡಿಗೆ ಸುಮಾರು 85 ಲೀಟರ್ ನೀರನ್ನು ಹೊರದಬ್ಬಿದರೆ, ಕಡಿಮೆ ಮಳೆಗೆ ಬಳಸುವ, ಹಸಿರು ಗುರುತಿನ ಇಂಟರ್‌ಮೀಡಿಯೆಟ್ ಟೈರು ಸುಮಾರು 30 ಲೀಟರ್ ದಬ್ಬುತ್ತದೆ. ಆ ನೀರೆಲ್ಲ ಹಿಂದಿನವನ ಮುಖಕ್ಕೇ. ಚಾಲಕರಾದ ನಾರಿಸ್ ಮತ್ತು ರಸೆಲ್ ಟೈರು ಬದಲಿಸಲು ಟ್ರ್ಯಾಕ್ ಪಕ್ಕದ ಪಿಟ್‌ಗೆ ಹೋದರು. ವರ್ಸ್ಟಪ್ಪನ್, ಒಕಾನ್ ಮತ್ತು ಗ್ಯಾಸ್ಲಿ ಹೋಗಲಿಲ್ಲ. ಬಳಿಕ ಇನ್ನೊಬ್ಬ ಚಾಲಕ ಕೊಲಾಪಿಂಟೊನ ಕಾರು ಅಪಘಾತಕ್ಕೀಡಾಗಿ, ಸ್ಪರ್ಧೆಯನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಕೆಂಪು ಬಾವುಟ ಬಂದುದರಿಂದ, ಈ ಮೂವರಿಗೂ ಸಮಯ ಕಳೆದುಕೊಳ್ಳದೆ ಟೈರು ಬದಲಿಸುವ ಅವಕಾಶ ಒದಗಿತು.

ಸ್ಪರ್ಧೆ ನಿಂತ ಆ ಬಿಡುವಿನಲ್ಲಿ ಸಿಬ್ಬಂದಿ ಯಾರನ್ನೂ ಕೇಳದೆ ಕ್ರಿಕೆಟ್ ಚರ್ಚೆಗೆ ಚಾನೆಲ್ ಬದಲಿಸಿದರು. ಅಂದು ಮುಂಬಯಿಯಲ್ಲಿ ಭಾರತ ಸೋತಿತ್ತು, ಅವರ ಸಂಕಟ ಅರ್ಥವಾಗುವಂಥದ್ದೇ. ಆದರೂ ಮರುಪ್ರಾರಂಭ ನಮಗೆ ತಪ್ಪಿತು. 17ನೇ ಸ್ಥಾನದಿಂದ ಹೊರಟ ವರ್ಸ್ಟಪ್ಪನ್ ಗೆದ್ದುದನ್ನು ಕೊನೆಗೂ ನೋಡಿದೆವು. ಮಳೆಯ ಸ್ಪರ್ಧೆಯಿದ್ದರೆ ಮತ್ತೆ ಹೋಗುವೆ, ರಿಮೋಟಿನ ಸಮೀಪದ ಮೇಜನ್ನೇ ಕೇಳಿ ಪಡೆಯುವೆ.